ಕಲಬುರಗಿ, ಬೀದರ್‌ನಿಂದ ವಿಮಾನ: ದೂರ ಎಷ್ಟು, ಹೊತ್ತು ಎಷ್ಟು, ನೀವೇ ಲೆಕ್ಕ ಹಾಕುವುದು ಹೇಗೆ

ದೂರ ತೋರಿಸುವ ಯಾವುದಾದರೂ ಜಾಲತಾಣಕ್ಕೆ ಹೋಗಿ, ಕಲಬುರಗಿಯಿಂದ ಬೀದರ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಕೇಳಿ ನೋಡಿ. 87 ಕಿಲೊಮೀಟರ್, ಅರ್ಧ ಗಂಟೆ ಚಿಲ್ಲರೆ ಅಂತ ಥಟ್ಟನೆ ಉತ್ತರ ಬರುತ್ತದೆ. ದೂರ ಸರಿಯಾಗಿಯೇ ಇದೆ. ಆದರೆ ಈ ಎರಡು ಊರುಗಳ ನಡುವೆ ವಿಮಾನವೇ ಇಲ್ಲ! ಆ ಜಾಲತಾಣ ನಕ್ಷೆಯ ಮೇಲೆ ಎರಡು ಚುಕ್ಕೆ ಇಟ್ಟು, ನಡುವೆ ಗೆರೆ ಎಳೆದು, ಒಂದು ವೇಗದಿಂದ ಭಾಗಿಸಿ, ಮೇಲೆ ಅರ್ಧ ಗಂಟೆ ಸೇರಿಸಿ ಕೊಟ್ಟಿದೆ ಅಷ್ಟೆ. ವಿಮಾನ ಹಾರುತ್ತದೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ.

ಅದೇ ಲೆಕ್ಕವನ್ನು ನಾವು ಪೆನ್ನು, ಕಾಗದ, ಮೊಬೈಲಿನ ಕ್ಯಾಲ್ಕುಲೇಟರ್ ಇಟ್ಟುಕೊಂಡು ಐದು ನಿಮಿಷದಲ್ಲಿ ಮಾಡಬಹುದು. ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಅನ್ನುವುದೂ ಆಗ ತಿಳಿಯುತ್ತದೆ.

ಮೊದಲು ನೋಡಬೇಕಾದ್ದು: ವಿಮಾನ ಇದೆಯಾ?

ಕಲಬುರಗಿ ವಿಮಾನ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ರಂದು. ಬೀದರ್‌ನಲ್ಲಿ ನಾಗರಿಕ ವಿಮಾನ ಶುರುವಾದದ್ದು 2020ರ ಫೆಬ್ರುವರಿ 7ರಂದು. ಎರಡೂ ಕಡೆ ವಿಮಾನ ಬಂದದ್ದು ಕೇಂದ್ರದ ಉಡಾನ್ ಯೋಜನೆಯಲ್ಲಿ. ಈ ಯೋಜನೆಯ ಸ್ವಭಾವ ತಿಳಿದಿದ್ದರೆ ಒಳ್ಳೆಯದು. ಸಣ್ಣ ಊರಿನ ಮಾರ್ಗದಲ್ಲಿ ಹಾರುವ ಕಂಪನಿಗೆ ಸರ್ಕಾರ ಮೂರು ವರ್ಷ ನಷ್ಟ ತುಂಬಿಕೊಡುತ್ತದೆ. ಅದಕ್ಕೆ ಬದಲಾಗಿ ಕೆಲವು ಸೀಟುಗಳ ದರಕ್ಕೆ ಮಿತಿ ಇರುತ್ತದೆ. ಯೋಜನೆ ಬಂದಾಗ ಸುಮಾರು 500 ಕಿ.ಮೀ., ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಅಂತ ಹೇಳಿದ್ದು ನೆನಪಿರಬಹುದು. ಮೂರು ವರ್ಷ ಮುಗಿದ ಮೇಲೆ ಕಂಪನಿಗೆ ಗಿಟ್ಟಿದರೆ ಹಾರುತ್ತದೆ, ಗಿಟ್ಟದಿದ್ದರೆ ನಿಲ್ಲಿಸುತ್ತದೆ. ಬೀದರ್‌ನಲ್ಲಿ ವಿಮಾನ ನಿಂತು ಮತ್ತೆ ಶುರುವಾದದ್ದನ್ನು ನಾವೆಲ್ಲ ನೋಡಿದ್ದೇವೆ. ಕಲಬುರಗಿಯಿಂದ ತಿರುಪತಿಗೆ, ದೆಹಲಿ ಪಕ್ಕದ ಹಿಂಡನ್‌ಗೆ ಕೂಡ ಒಂದು ಕಾಲಕ್ಕೆ ನೇರ ವಿಮಾನ ಇತ್ತು.

ಹಾಗಾಗಿ ಹೋದ ವರ್ಷ ಪಕ್ಕದ ಮನೆಯವರು ಹೋಗಿದ್ದರು ಅನ್ನುವ ಭರವಸೆ ಸಾಲದು. ವಿಮಾನ ಕಂಪನಿಯ ಸ್ವಂತ ಜಾಲತಾಣದಲ್ಲಿ ನಿಮ್ಮ ತಾರೀಕು ಹಾಕಿ. ಒಂದೇ ತಾರೀಕು ನೋಡಿ ಇಲ್ಲ ಅಂದುಕೊಳ್ಳಬೇಡಿ. ಸಣ್ಣ ಮಾರ್ಗಗಳಲ್ಲಿ ವಾರದ ಎಲ್ಲ ದಿನ ವಿಮಾನ ಇರುವುದಿಲ್ಲ, ಹಿಂದೆ ಮುಂದೆ ಒಂದು ವಾರ ನೋಡಿ.

ಹುಡುಕುವಾಗ ಊರಿನ ಹೆಸರಿಗಿಂತ ನಿಲ್ದಾಣದ ಸಂಕೇತ ಹಾಕುವುದು ಸುಲಭ. ಕಲಬುರಗಿಗೆ ಜಿಬಿಐ, ಬೀದರ್‌ಗೆ ಐಎಕ್ಸ್‌ಎಕ್ಸ್, ಬೆಂಗಳೂರಿಗೆ ಬಿಎಲ್‌ಆರ್, ಹೈದರಾಬಾದ್‌ಗೆ ಎಚ್‌ವೈಡಿ. ಕೆಲವು ಜಾಲತಾಣಗಳಲ್ಲಿ ಇನ್ನೂ ಗುಲ್ಬರ್ಗಾ ಅಂತಲೇ ಇದೆ, ಗಾಬರಿಯಾಗಬೇಡಿ. ಇನ್ನೊಂದು ಎಚ್ಚರಿಕೆ: ನೇರ ವಿಮಾನ ಇಲ್ಲದಿದ್ದರೆ ಟಿಕೆಟ್ ಮಾರುವ ಕೆಲವು ಆ್ಯಪ್‌ಗಳು ‘ಹತ್ತಿರದ ನಿಲ್ದಾಣ’ ಅಂತ ಸಣ್ಣಕ್ಷರದಲ್ಲಿ ಬರೆದು ಹೈದರಾಬಾದ್ ವಿಮಾನ ತೋರಿಸುತ್ತವೆ. ಹಣ ಕಟ್ಟುವ ಮೊದಲು ಹೊರಡುವ ನಿಲ್ದಾಣ ಯಾವುದು ಅಂತ ಇನ್ನೊಮ್ಮೆ ಓದಿ.

ದೂರದ ಲೆಕ್ಕ

ಇದಕ್ಕೆ ಬೇಕಾಗುವುದು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ನಮ್ಮ ಭಾಗಕ್ಕೆ ಬೇಕಾದವು ಇಲ್ಲಿವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ:

ಕಲಬುರಗಿ: 17.308, 76.958
ಬೀದರ್: 17.908, 77.487
ಬೆಂಗಳೂರು: 13.199, 77.706
ಹೈದರಾಬಾದ್: 17.240, 78.429
ತಿರುಪತಿ: 13.633, 79.543

ಬೇರೆ ಊರಿನದು ಬೇಕಿದ್ದರೆ ಗೂಗಲ್ ಮ್ಯಾಪ್‌ನಲ್ಲಿ ಆ ನಿಲ್ದಾಣದ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿಯಿರಿ, ಎರಡು ಅಂಕೆ ಕಾಣುತ್ತವೆ. ಕ್ರಮ ಮಾತ್ರ ತಪ್ಪಬೇಡಿ. ಕಲಬುರಗಿಯ ಎರಡು ಅಂಕೆಗಳನ್ನು ಹಿಂದೆ ಮುಂದೆ ಮಾಡಿ ಹಾಕಿದರೆ ನಕ್ಷೆ ನಿಮ್ಮನ್ನು ಉತ್ತರ ಧ್ರುವದ ಹತ್ತಿರ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಿಗೆ ಒಯ್ಯುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಅದೇನೂ ಕೆಟ್ಟ ಜಾಗ ಅಲ್ಲ ಬಿಡಿ.

ಈಗ ಲೆಕ್ಕ. ಅಕ್ಷಾಂಶದ ಒಂದು ಡಿಗ್ರಿ ಎಲ್ಲ ಕಡೆಯೂ ಸುಮಾರು 111 ಕಿ.ಮೀ. ರೇಖಾಂಶದ ಒಂದು ಡಿಗ್ರಿ ಹಾಗಲ್ಲ. ಸಮಭಾಜಕದಿಂದ ಉತ್ತರಕ್ಕೆ ಹೋದ ಹಾಗೆ ರೇಖೆಗಳು ಹತ್ತಿರ ಬರುತ್ತವೆ. ಬೆಂಗಳೂರಿನ ಹತ್ತಿರ ಅದು 108 ಕಿ.ಮೀ., ಕಲಬುರಗಿ–ಬೀದರ್ ಮಟ್ಟದಲ್ಲಿ 106. ಎರಡರ ನಡುವಿನ ಪ್ರಯಾಣಕ್ಕೆ 107 ಹಿಡಿದರೆ ಸಾಕು.

ಕಲಬುರಗಿ–ಬೆಂಗಳೂರು ಮಾಡಿ ನೋಡೋಣ.

ಅಕ್ಷಾಂಶದ ವ್ಯತ್ಯಾಸ: 17.308ರಲ್ಲಿ 13.199 ಕಳೆದರೆ 4.109. ಇದನ್ನು 111ರಿಂದ ಗುಣಿಸಿ: 456 ಕಿ.ಮೀ. ಅಂದರೆ ಇಷ್ಟು ದಕ್ಷಿಣಕ್ಕೆ ಹೋಗಬೇಕು.

ರೇಖಾಂಶದ ವ್ಯತ್ಯಾಸ: 77.706ರಲ್ಲಿ 76.958 ಕಳೆದರೆ 0.748. ಇದನ್ನು 107ರಿಂದ ಗುಣಿಸಿ: 80 ಕಿ.ಮೀ. ಇಷ್ಟು ಪೂರ್ವಕ್ಕೆ.

ಈಗ ಶಾಲೆಯಲ್ಲಿ ಓದಿದ ಪೈಥಾಗೊರಸ್. 456ರ ವರ್ಗ 2,07,936. 80ರ ವರ್ಗ 6,400. ಕೂಡಿಸಿದರೆ 2,14,336. ಇದರ ವರ್ಗಮೂಲ 463.

ಕಲಬುರಗಿ–ಬೆಂಗಳೂರು ವಾಯುದೂರ 463 ಕಿ.ಮೀ. ಭೂಮಿ ದುಂಡಗಿದೆ, ನೀವು ಚಪ್ಪಟೆ ಕಾಗದದ ಲೆಕ್ಕ ಮಾಡುತ್ತಿದ್ದೀರಿ ಅಂತ ಯಾರಾದರೂ ಆಕ್ಷೇಪ ಎತ್ತಿದರೆ, ಹೌದು. ಆದರೆ ಇಷ್ಟು ಸಣ್ಣ ದೂರಕ್ಕೆ ವ್ಯತ್ಯಾಸ ಒಂದೆರಡು ಕಿಲೊಮೀಟರ್ ದಾಟುವುದಿಲ್ಲ. ಕಲಬುರಗಿಯಿಂದ ಲಂಡನ್‌ಗೆ ಈ ಲೆಕ್ಕ ಹಾಕಬೇಡಿ, ಅಷ್ಟೆ.

ಅದೇ ರೀತಿ ಬೀದರ್–ಬೆಂಗಳೂರು 523 ಕಿ.ಮೀ. ಬರುತ್ತದೆ. ಕಲಬುರಗಿ–ತಿರುಪತಿ 493. ಕಲಬುರಗಿ–ಬೀದರ್ 87.

ವಿಮಾನದವರು ಕಿಲೊಮೀಟರ್ ಬಳಸುವುದಿಲ್ಲ, ನಾಟಿಕಲ್ ಮೈಲಿ ಬಳಸುತ್ತಾರೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ನಮ್ಮ 463 ಕಿ.ಮೀ. ಸರಿಯಾಗಿ 250 ನಾಟಿಕಲ್ ಮೈಲಿ ಆಗುತ್ತದೆ. ಕೆಲವು ಜಾಲತಾಣಗಳು ದೂರವನ್ನು ಬರೀ ‘ಮೈಲಿ’ ಅಂತ ತೋರಿಸುತ್ತವೆ. ಅದು ನಾಟಿಕಲ್ ಮೈಲಿಯೋ, ರಸ್ತೆಯ 1.609 ಕಿ.ಮೀ. ಮೈಲಿಯೋ ನೋಡಿಕೊಳ್ಳಿ. ಒಂದನ್ನು ಇನ್ನೊಂದು ಅಂದುಕೊಂಡರೆ ಇಷ್ಟು ದೂರಕ್ಕೇ 60 ಕಿ.ಮೀ. ಹೆಚ್ಚು ಕಡಿಮೆ ಆಗುತ್ತದೆ.

ಈ ಗೆರೆಯನ್ನು ನಕ್ಷೆಯ ಮೇಲೆ ಎಳೆದು ನೋಡುವುದೂ ಒಂದು ಖುಷಿ. ಕಲಬುರಗಿಯಿಂದ ಹೊರಟ ಗೆರೆ ಯಾದಗಿರಿಯ ಪಕ್ಕದಲ್ಲೇ, ಸ್ವಲ್ಪ ಪಶ್ಚಿಮಕ್ಕೆ ಹಾದು ಹೋಗುತ್ತದೆ. ಭೀಮಾ, ಕೃಷ್ಣಾ, ಆಮೇಲೆ ತುಂಗಭದ್ರಾ ದಾಟುತ್ತದೆ. ರಾಯಚೂರು ಎಡಕ್ಕೆ ಉಳಿಯುತ್ತದೆ. ಆಂಧ್ರದ ಆದೋನಿ ಹೆಚ್ಚು ಕಡಿಮೆ ಗೆರೆಯ ಕೆಳಗೇ ಬರುತ್ತದೆ. ಅನಂತಪುರವನ್ನು ಎಡಕ್ಕೆ ಬಿಟ್ಟು ದೇವನಹಳ್ಳಿ ಸೇರುತ್ತದೆ. ವಿಮಾನ ಇದೇ ಗೆರೆ ಹಿಡಿದು ಹೋಗುತ್ತದೆ ಅಂತಲ್ಲ. ಆಕಾಶದಲ್ಲಿ ಗುರುತಿಸಿದ ಬಿಂದುಗಳ ಮೂಲಕ, ನಿಯಂತ್ರಣ ಕೇಂದ್ರದವರು ಹೇಳಿದ ದಾರಿಯಲ್ಲಿ ಹೋಗುತ್ತದೆ. ಆದರೂ ಕಿಟಕಿ ಸೀಟು ಸಿಕ್ಕು, ಮೋಡ ಇಲ್ಲದಿದ್ದರೆ ನದಿಗಳನ್ನು ಒಂದೊಂದಾಗಿ ಎಣಿಸಬಹುದು.

ದೂರದಿಂದ ಹೊತ್ತಿಗೆ

ಎಲ್ಲರೂ ಎಡವುವುದು ಇಲ್ಲೇ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದೆ, 463 ಕಿ.ಮೀ.ಗೆ 35 ನಿಮಿಷ ಸಾಕಲ್ವಾ? ಟಿಕೆಟ್‌ನಲ್ಲಿ ಒಂದು ಗಂಟೆ ಮೇಲೆ ಯಾಕೆ ಬರೆದಿದ್ದಾರೆ?

ಟಿಕೆಟ್‌ನಲ್ಲಿ ಬರೆದಿರುವುದು ಬರೀ ಹಾರಾಟದ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವ ತನಕದ ಹೊತ್ತು. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇ ತನಕ ಉರುಳುವುದು, ಸರದಿ ಕಾಯುವುದು, ಏರುವುದು, ಇಳಿಯುವುದು, ಮತ್ತೆ ಉರುಳುವುದು ಎಲ್ಲ ಇದರಲ್ಲಿ ಸೇರಿದೆ.

ಇನ್ನು ಆ 800 ಕಿ.ಮೀ. ವೇಗ ಸಿಗುವುದು ಮೇಲೆ ಹೋದ ನಂತರ. 10,000 ಅಡಿಗಿಂತ ಕೆಳಗೆ ವಿಮಾನಗಳು 250 ನಾಟ್ ವೇಗದ ಮಿತಿಯೊಳಗೆ ಹೋಗುತ್ತವೆ, ಅಂದರೆ ಗಂಟೆಗೆ 463 ಕಿ.ಮೀ. ಇಳಿಯುವುದಕ್ಕೆ ಪೈಲಟ್‌ಗಳ ಒಂದು ಸರಳ ಲೆಕ್ಕ ಇದೆ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ. 30,000 ಅಡಿಯಿಂದ ಇಳಿಯಲು 90 ನಾಟಿಕಲ್ ಮೈಲಿ ಬೇಕು, ಅಂದರೆ 167 ಕಿ.ಮೀ. ಏರುವುದಕ್ಕೂ ಹತ್ತಿರ ಹತ್ತಿರ ಅಷ್ಟೇ ಹೋಗುತ್ತದೆ. 463ರಲ್ಲಿ ಇವೆರಡನ್ನೂ ಕಳೆಯಿರಿ. ಪೂರ್ತಿ ವೇಗದಲ್ಲಿ ನೇರ ಹಾರಲು ಉಳಿಯುವುದು 130 ಕಿ.ಮೀ., ಹತ್ತು ನಿಮಿಷದ ಮಾತು. ಸೀಟ್ ಬೆಲ್ಟ್ ದೀಪ ಆರಿತು, ನೀರಿನ ಬಾಟಲಿ ಕೈಗೆ ಬಂತು, ಮುಚ್ಚಳ ತೆಗೆಯುವಷ್ಟರಲ್ಲಿ ಇಳಿಯುತ್ತಿದ್ದೇವೆ ಅಂತ ಕ್ಯಾಪ್ಟನ್ ಹೇಳುವುದು ಇದಕ್ಕೇ.

ಇಷ್ಟೆಲ್ಲ ಬಿಡಿಸಿ ಲೆಕ್ಕ ಹಾಕುವ ಅಗತ್ಯವಿಲ್ಲ. ನಮ್ಮ ಮಾರ್ಗಗಳಿಗೆ ಒಪ್ಪುವ ಸೂತ್ರ ಇಷ್ಟೇ:

ಜೆಟ್ ಆದರೆ: ದೂರವನ್ನು 800ರಿಂದ ಭಾಗಿಸಿ, 60ರಿಂದ ಗುಣಿಸಿ, 30 ನಿಮಿಷ ಕೂಡಿಸಿ.
ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ಆದರೆ: 480ರಿಂದ ಭಾಗಿಸಿ, 60ರಿಂದ ಗುಣಿಸಿ, 30 ನಿಮಿಷ ಕೂಡಿಸಿ.

ಕಲಬುರಗಿ–ಬೆಂಗಳೂರು ಜೆಟ್‌ನಲ್ಲಿ 35 ಮತ್ತು 30, ಒಟ್ಟು 65 ನಿಮಿಷ. ಎಟಿಆರ್‌ನಲ್ಲಿ 58 ಮತ್ತು 30, ಒಟ್ಟು 88 ನಿಮಿಷ. ಬೀದರ್–ಬೆಂಗಳೂರು ಜೆಟ್‌ನಲ್ಲಿ 69, ಎಟಿಆರ್‌ನಲ್ಲಿ 95. ಕಂಪನಿಗಳು ಇದರ ಮೇಲೆ ಐದು ಹತ್ತು ನಿಮಿಷ ಸೇರಿಸಿಯೇ ವೇಳಾಪಟ್ಟಿ ಮಾಡುತ್ತವೆ. ತಡವಾಗಿ ಹೊರಟ ವಿಮಾನ ಕೆಲವೊಮ್ಮೆ ಸರಿಯಾದ ಹೊತ್ತಿಗೇ ಇಳಿಯುವ ಗುಟ್ಟು ಇದು.

ಯಾವ ವಿಮಾನ ಅಂತ ತಿಳಿಯುವುದು ಹೇಗೆ? ಟಿಕೆಟ್ ಕಾದಿರಿಸುವ ಪುಟದಲ್ಲೇ ಬರೆದಿರುತ್ತದೆ. ಎಂಬ್ರೇಯರ್, ಏರ್‌ಬಸ್ ಅಂತ ಇದ್ದರೆ ಜೆಟ್. ಎಟಿಆರ್ 72 ಅಂತ ಇದ್ದರೆ ಫ್ಯಾನಿನದು. ಈ ಭಾಗಕ್ಕೆ ಎರಡೂ ಬಗೆಯವು ಬಂದಿವೆ. ಸ್ಟಾರ್ ಏರ್‌ನದು ಎಂಬ್ರೇಯರ್, ಬೀದರ್‌ಗೆ ಮೊದಲು ಬಂದ ಟ್ರೂಜೆಟ್‌ನದು ಎಟಿಆರ್. ಎಟಿಆರ್ ನಿಧಾನ ಹೌದು, ಆದರೆ ಕೆಳಗಿನ ಎತ್ತರದಲ್ಲಿ ಹಾರುವುದರಿಂದ ನೋಡುವುದಕ್ಕೆ ಚೆಂದ.

ಸೂತ್ರದ ಮೇಲೆ ನಂಬಿಕೆ ಬರದಿದ್ದರೆ ಫ್ಲೈಟ್‌ರಾಡಾರ್24 ತೆರೆದು ವಿಮಾನದ ನಂಬರ್ ಹಾಕಿ. ಕಳೆದ ಕೆಲವು ದಿನಗಳಲ್ಲಿ ಅದು ನಿಜವಾಗಿ ಎಷ್ಟಕ್ಕೆ ಏರಿತು, ಎಷ್ಟಕ್ಕೆ ಇಳಿಯಿತು ಅಂತ ತೋರಿಸುತ್ತದೆ. ವೇಳಾಪಟ್ಟಿಗಿಂತ ಇದೇ ಹೆಚ್ಚು ನಂಬಿಕೆಯದು. ಎಷ್ಟು ದಿನ ತಡವಾಯಿತು ಅನ್ನುವುದೂ ಅಲ್ಲೇ ಬಯಲಾಗುತ್ತದೆ.

ಅದೇ ದಾರಿ, ದಿನಕ್ಕೊಂದು ಹೊತ್ತು ಯಾಕೆ?

ಮುಖ್ಯ ಕಾರಣ ರನ್‌ವೇ. ಕಲಬುರಗಿ ರನ್‌ವೇ 3,175 ಮೀಟರ್ ಉದ್ದ, ದಿಕ್ಕು ಪೂರ್ವ–ಪಶ್ಚಿಮ. ಅದರ ಒಂದು ತುದಿಯಲ್ಲಿ 09, ಇನ್ನೊಂದು ತುದಿಯಲ್ಲಿ 27 ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ದಿಕ್ಸೂಚಿಯ ಅಂಕೆ, ಕೊನೆಯ ಸೊನ್ನೆ ಬಿಟ್ಟು ಬರೆದದ್ದು. 90 ಡಿಗ್ರಿ ಪೂರ್ವ, 270 ಡಿಗ್ರಿ ಪಶ್ಚಿಮ. ಬೆಂಗಳೂರಿನ ಎರಡೂ ರನ್‌ವೇಗಳು ಕೂಡ ಪೂರ್ವ–ಪಶ್ಚಿಮವೇ.

ನಾವು ಹೋಗಬೇಕಾದ್ದು ದಕ್ಷಿಣಕ್ಕೆ. ಏರುವುದು ಪೂರ್ವಕ್ಕೋ ಪಶ್ಚಿಮಕ್ಕೋ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬರುತ್ತದೆ, ಪಶ್ಚಿಮಕ್ಕೆ ಮುಖ ಮಾಡಿ ಏರಿ ಎಡಕ್ಕೆ ತಿರುಗುತ್ತದೆ. ಚಳಿಗಾಲದಲ್ಲಿ ಪೂರ್ವದ ಗಾಳಿ, ಪೂರ್ವಕ್ಕೆ ಏರಿ ಬಲಕ್ಕೆ ತಿರುಗುತ್ತದೆ. ಬೆಂಗಳೂರಿನಲ್ಲಿ ಇಳಿಯುವಾಗಲೂ ಇದೇ ಕಥೆ. ಗಾಳಿ ಪೂರ್ವದ್ದಾದರೆ ದೊಡ್ಡಬಳ್ಳಾಪುರದ ಕಡೆಯಿಂದ ಬರಬೇಕು, ಪಶ್ಚಿಮದ್ದಾದರೆ ನಿಲ್ದಾಣ ದಾಟಿ ಪೂರ್ವಕ್ಕೆ ಸುತ್ತಿ ಬರಬೇಕು. ಮುಂದೆ ನಾಲ್ಕು ವಿಮಾನ ಸಾಲಿನಲ್ಲಿದ್ದರೆ ಇನ್ನೊಂದು ಸುತ್ತು.

“ಎದುರು ಗಾಳಿ ಇದ್ರ ಟೈಮ್ ಜಾಸ್ತಿ ಹಿಡಿತದೇನು?” ಅಂತ ನಮ್ಮ ಓಣಿಯ ಕಾಕಾ ಒಬ್ಬರು ಕೇಳಿದ್ದರು. “ಹಿಡಿತದ್ರಿ ಕಾಕಾ, ಆದ್ರ ಬೆಂಗಳೂರ ದಾರಿಗಿ ಅಷ್ಟು ಇಲ್ರಿ” ಅಂದೆ. ಮೇಲಿನ ಗಾಳಿ ಹೆಚ್ಚಾಗಿ ಪೂರ್ವ–ಪಶ್ಚಿಮ ಬೀಸುತ್ತದೆ. ನಮ್ಮ ದಾರಿ ಉತ್ತರ–ದಕ್ಷಿಣ. ಗಾಳಿ ಪಕ್ಕಕ್ಕೆ ಬಡಿಯುತ್ತದೆಯೇ ಹೊರತು ಹಿಂದಕ್ಕೆ ತಳ್ಳುವುದಿಲ್ಲ. ಹೋಗುವಾಗ, ಬರುವಾಗ ಹೆಚ್ಚು ಕಡಿಮೆ ಒಂದೇ ಹೊತ್ತು. ಮುಂಬೈ–ಕೋಲ್ಕತ್ತಾದಂಥ ಮಾರ್ಗದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲಿನ ಗುಡುಗು ಮೋಡ ಬೇರೆ ವಿಷಯ. ಆ ಮೋಡದೊಳಗೆ ಯಾವ ಪೈಲಟ್ಟೂ ನುಗ್ಗುವುದಿಲ್ಲ, ಸುತ್ತು ಹಾಕುತ್ತಾರೆ. ಆ ತಿಂಗಳುಗಳಲ್ಲಿ ಆಯ್ಕೆ ಇದ್ದರೆ ಬೆಳಗಿನ ವಿಮಾನವನ್ನೇ ಹಿಡಿಯಿರಿ.

ಬೀದರ್‌ಗೆ ಇನ್ನೊಂದು ಕಾರಣವೂ ಇದೆ. ಅದು ವಾಯುಪಡೆಯ ನಿಲ್ದಾಣ. ಹಾಕ್ ವಿಮಾನಗಳಲ್ಲಿ ಪೈಲಟ್‌ಗಳಿಗೆ ತರಬೇತಿ ನಡೆಯುತ್ತದೆ, ಸೂರ್ಯಕಿರಣ್ ತಂಡದ ನೆಲೆಯೂ ಅದೇ. ನಾಗರಿಕ ವಿಮಾನ ಅವರು ಕೊಟ್ಟ ಹೊತ್ತಿನಲ್ಲಿ ಬಂದು ಹೋಗಬೇಕು. ಟರ್ಮಿನಲ್‌ನಿಂದ ವಿಮಾನದ ತನಕ ನಡೆಯುವಾಗ ರನ್‌ವೇ ಕಡೆ ಫೋಟೊ, ವಿಡಿಯೊ ತೆಗೆಯಬೇಡಿ. ಅಲ್ಲಿ ಅದು ನಿಷಿದ್ಧ, ಸುಮ್ನೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ನಿಮಗೆ ಯಾವ ನಿಲ್ದಾಣ ಹತ್ತಿರ?

ಈಗ ಅದೇ ದೂರದ ಲೆಕ್ಕವನ್ನು ಹೈದರಾಬಾದ್ ಕಡೆ ತಿರುಗಿಸಿ. ಕಲಬುರಗಿ ನಿಲ್ದಾಣದಿಂದ ಹೈದರಾಬಾದ್‌ನ ಶಂಷಾಬಾದ್ ನಿಲ್ದಾಣಕ್ಕೆ ವಾಯುದೂರ 156 ಕಿ.ಮೀ. ಬೀದರ್‌ನಿಂದ 124.

ಈ ಎರಡು ಅಂಕೆಗಳ ನಡುವೆ ಒಂದು ಕಥೆ ಇದೆ. ಶಂಷಾಬಾದ್ ನಿಲ್ದಾಣ ಕಟ್ಟುವಾಗ ಆದ ಒಪ್ಪಂದದಲ್ಲಿ 150 ಕಿ.ಮೀ. ವಾಯುದೂರದೊಳಗೆ ಬೇರೆ ನಿಲ್ದಾಣಕ್ಕೆ ತಡೆ ಒಡ್ಡುವ ಷರತ್ತು ಇತ್ತು. ಕಲಬುರಗಿ ಆರು ಕಿಲೊಮೀಟರ್ ಅಂತರದಲ್ಲಿ ಆ ವೃತ್ತದಿಂದ ಹೊರಗೆ ಉಳಿಯಿತು. ಬೀದರ್ ಒಳಗೆ ಸಿಕ್ಕಿಕೊಂಡಿತು. ಬೀದರ್‌ನಲ್ಲಿ ಟರ್ಮಿನಲ್ ಕಟ್ಟಡ ಎದ್ದು ನಿಂತರೂ ಎಷ್ಟೋ ವರ್ಷ ಖಾಲಿ ಬಿದ್ದಿದ್ದಕ್ಕೆ ಇದು ಒಂದು ದೊಡ್ಡ ಕಾರಣ. ರಸ್ತೆಯ ದೂರ ಲೆಕ್ಕಕ್ಕೆ ಹಿಡಿದಿದ್ದರೆ ಕಥೆಯೇ ಬೇರೆ ಇರುತ್ತಿತ್ತೋ ಏನೋ.

ಪ್ರಯಾಣಿಕರಿಗೆ ಮಾತ್ರ ರಸ್ತೆಯ ದೂರವೇ ಲೆಕ್ಕ. ನಮ್ಮ ಕಡೆ ವಾಯುದೂರಕ್ಕೆ ಕಾಲು ಭಾಗದಿಂದ ಮೂರನೆಯ ಒಂದು ಭಾಗ ಸೇರಿಸಿದರೆ ರಸ್ತೆಯ ದೂರ ಅಂದಾಜು ಸಿಗುತ್ತದೆ. ಕಲಬುರಗಿಯವರಿಗೆ ಶಂಷಾಬಾದ್ 200 ಕಿ.ಮೀ. ಆಸುಪಾಸು. ಬೀದರ್‌ನವರಿಗೆ ಜಹೀರಾಬಾದ್, ಸಂಗಾರೆಡ್ಡಿ ಮೇಲೆ ಸುಮಾರು 150, ಹೊರವರ್ತುಲ ರಸ್ತೆ ಹಿಡಿದರೆ ಮೂರು ಗಂಟೆ. ಬೀದರ್‌ನವರು ದೆಹಲಿಗೋ ದುಬೈಗೋ ಹೋಗುವುದಾದರೆ ಬೆಂಗಳೂರಿಗೆ ಹೋಗಿ ವಿಮಾನ ಬದಲಿಸುವುದಕ್ಕಿಂತ ಹೈದರಾಬಾದ್ ದಾರಿಯೇ ವಾಸಿ. 523 ಕಿ.ಮೀ. ದಕ್ಷಿಣಕ್ಕೆ ಹೋಗಿ ಮತ್ತೆ ಅಷ್ಟನ್ನೂ ಉತ್ತರಕ್ಕೆ ಬರುವುದು ಯಾಕೆ?

ಯಾದಗಿರಿಯವರಿಗೆ ಸ್ವಂತ ನಿಲ್ದಾಣವಿಲ್ಲ. ಊರಿನಿಂದ ಕಲಬುರಗಿ ನಿಲ್ದಾಣಕ್ಕೆ ವಾಯುದೂರ ಸುಮಾರು 63 ಕಿ.ಮೀ., ಶಂಷಾಬಾದ್‌ಗೆ ಸುಮಾರು 146. ಬೆಂಗಳೂರಿಗಾದರೆ ಕಲಬುರಗಿಯೇ ಸರಿ. ನಿಲ್ದಾಣ ಇರುವುದು ಸೇಡಂ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿ ಹತ್ತಿರ, ಊರಿನಿಂದ 13–14 ಕಿ.ಮೀ. ಪೂರ್ವಕ್ಕೆ. ಹಾಗಾಗಿ ಸೇಡಂ, ಮಳಖೇಡ ಕಡೆಯಿಂದ ಬರುವವರು ಕಲಬುರಗಿ ಊರೊಳಗೆ ಹೊಕ್ಕು ಸಿಗ್ನಲ್‌ಗಳಲ್ಲಿ ನಿಲ್ಲುವ ಪ್ರಮೇಯವಿಲ್ಲ. ಆದರೆ ಜುಲೈನಿಂದ ಅಕ್ಟೋಬರ್ ತನಕ ಒಂದು ಎಚ್ಚರಿಕೆ: ಕಾಗಿಣಾ ನದಿ ತುಂಬಿ ಬಂದಾಗ ಮಳಖೇಡ ಸೇತುವೆ ಮೇಲೆ, ಚಿತ್ತಾಪುರ ದಾರಿಯ ದಂಡೋತಿ ಸೇತುವೆ ಮೇಲೆ ನೀರು ಹರಿದು ರಸ್ತೆ ಬಂದ್ ಆಗುವುದುಂಟು. ಜೋರು ಮಳೆಯ ದಿನ ಹೊರಡುವ ಮೊದಲು ಆ ಕಡೆಯವರಿಗೆ ಒಂದು ಫೋನ್ ಮಾಡಿ.

ಇನ್ನು ಕಲಬುರಗಿಯಿಂದ ಬೀದರ್‌ಗೇ ಹೋಗಬೇಕು ಅನ್ನುವವರಿಗೆ: ಆಕಾಶ ಮರೆತುಬಿಡಿ. ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಹೋದರೆ 87 ಕಿ.ಮೀ. ದೂರಕ್ಕೆ 986 ಕಿ.ಮೀ. ಹಾರಿದ ಹಾಗಾಗುತ್ತದೆ. ಹುಮನಾಬಾದ್ ಮೇಲೆ ಬಸ್ ಇದೆ. 2017ರ ಅಕ್ಟೋಬರ್ 29ರಿಂದ 110 ಕಿ.ಮೀ. ರೈಲು ಮಾರ್ಗವೂ ಇದೆ.

ಮನೆಯಿಂದ ಮನೆಗೆ

ಕಲಬುರಗಿಯ ಜಗತ್ ಸರ್ಕಲ್‌ನಿಂದ ಬೆಂಗಳೂರಿನ ಮೆಜೆಸ್ಟಿಕ್‌ಗೆ ಅಂತ ಇಟ್ಟುಕೊಳ್ಳಿ. ಮನೆಯಿಂದ ನಿಲ್ದಾಣಕ್ಕೆ 35 ನಿಮಿಷ. ಬ್ಯಾಗು ಕೊಡುವ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ 45ರಿಂದ 60 ನಿಮಿಷ ಮೊದಲೇ ಮುಚ್ಚುತ್ತದೆ, ಆದ್ದರಿಂದ 75 ನಿಮಿಷ ಮೊದಲು ಅಲ್ಲಿರಿ. ಸಣ್ಣ ನಿಲ್ದಾಣ, ಸಾಲು ಸಣ್ಣದು ಅಂತ ತಡ ಮಾಡಬೇಡಿ. ಸಾಲು ಸಣ್ಣದಾದರೂ ಗಡಿಯಾರ ಅದೇ. ವಿಮಾನದ 70 ನಿಮಿಷ. ಬೆಂಗಳೂರಿನಲ್ಲಿ ಬ್ಯಾಗು ಬರಲು 20. ಅಲ್ಲಿಂದ ಕೆಐಎ–9 ವಾಯು ವಜ್ರ ಬಸ್ ಹಿಡಿದು ಮೆಜೆಸ್ಟಿಕ್‌ಗೆ ಒಂದೂವರೆ ಗಂಟೆ. ಒಟ್ಟು ಐದು ಗಂಟೆಗೆ ಹತ್ತು ನಿಮಿಷ ಕಡಿಮೆ. ಅದರಲ್ಲಿ ಆಕಾಶದಲ್ಲಿ ಇದ್ದದ್ದು ಒಂದು ಗಂಟೆಯೂ ಇಲ್ಲ.

ವಂದೇ ಭಾರತ್ ರೈಲು ಬೈಯಪ್ಪನಹಳ್ಳಿಗೆ ಸುಮಾರು ಒಂಬತ್ತು ಗಂಟೆ ತೆಗೆದುಕೊಳ್ಳುತ್ತದೆ. ಅಂದರೆ ವಿಮಾನದಿಂದ ಉಳಿಯುವುದು ನಾಲ್ಕೈದು ಗಂಟೆ. ರಾತ್ರಿ ರೈಲು ಅಥವಾ ಸ್ಲೀಪರ್ ಬಸ್‌ನಲ್ಲಿ ಮಲಗಿಕೊಂಡು ಹೋಗುವವರಿಗೆ ಹಗಲಿನ ಹೊತ್ತು ಒಂದಿಷ್ಟೂ ಹೋಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆಸ್ಪತ್ರೆಗೆ ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ, ಅಥವಾ ಅದೇ ದಿನ ಅಲ್ಲಿ ಕೆಲಸ ಇದ್ದಾಗ ವಿಮಾನಕ್ಕೆ ಕೊಟ್ಟ ದುಡ್ಡು ಸಾರ್ಥಕ. ಮದುವೆಗೆ ಐದು ಮಂದಿ, ಹತ್ತು ಚೀಲ ಅಂದರೆ ರೈಲೇ ಸೈ. ಚೆಕ್-ಇನ್ ಬ್ಯಾಗಿಗೆ ಒಬ್ಬರಿಗೆ ಸಾಮಾನ್ಯವಾಗಿ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ಮಾತ್ರ. ಎಣ್ಣೆ ಡಬ್ಬಿ ಕೈಚೀಲದಲ್ಲಿ ಬಿಡುವುದಿಲ್ಲ.

ಬೆಂಗಳೂರಿನಿಂದ ವಾಪಸ್ ಬರುವಾಗ ಟರ್ಮಿನಲ್ ಯಾವುದು ಅಂತ ಟಿಕೆಟ್‌ನಲ್ಲಿ ನೋಡಿಕೊಳ್ಳಿ. ಅಲ್ಲಿ ಎರಡು ಇವೆ. ಬಿದಿರಿನಿಂದ ಅಲಂಕರಿಸಿದ ಹೊಸ ಎರಡನೇ ಟರ್ಮಿನಲ್ 2023ರ ಜನವರಿ 15ರಂದು ಶುರುವಾದಾಗ ಅಲ್ಲಿಂದ ಮೊದಲು ಹಾರಿದ್ದು ಕಲಬುರಗಿ ವಿಮಾನವೇ.

ಟಿಕೆಟ್ ಮೇಲಿನ ಹೊತ್ತು ಇನ್ನೊಂದಕ್ಕೂ ಬೇಕು

ಈ ಬ್ಲಾಕ್ ಟೈಮ್ ಬರೀ ಕುತೂಹಲಕ್ಕಲ್ಲ, ನಿಮ್ಮ ಹಕ್ಕಿಗೂ ಸಂಬಂಧಿಸಿದ್ದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಲ್ಲಿ, ಮೊದಲೇ ಸರಿಯಾಗಿ ತಿಳಿಸದೆ ವಿಮಾನ ರದ್ದು ಮಾಡಿದರೆ ಕೊಡಬೇಕಾದ ಪರಿಹಾರ ಬ್ಲಾಕ್ ಟೈಮ್ ಮೇಲೆ ನಿಂತಿದೆ. ಒಂದು ಗಂಟೆಯ ತನಕದ ವಿಮಾನಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದಕ್ಕೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000. ಈ ಮೊತ್ತ, ಅಥವಾ ನಿಮ್ಮ ಟಿಕೆಟ್‌ನ ಮೂಲ ದರ ಮತ್ತು ಇಂಧನ ಶುಲ್ಕ ಕೂಡಿಸಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ. ನಮ್ಮ ಬೆಂಗಳೂರು ವಿಮಾನ 65–70 ನಿಮಿಷದ್ದು, ಎರಡನೇ ಸಾಲಿಗೆ ಬರುತ್ತದೆ. ಹವಾಮಾನದಂಥ, ಕಂಪನಿಯ ಕೈಮೀರಿದ ಕಾರಣಕ್ಕೆ ರದ್ದಾದರೆ ಈ ಪರಿಹಾರ ಇಲ್ಲ. ಟಿಕೆಟ್ ಹಣ ವಾಪಸ್ ಅಥವಾ ಬೇರೆ ವಿಮಾನ ಮಾತ್ರ ಕೇಳಬಹುದು.

ತಡವಾದರೂ ಲೆಕ್ಕ ಇದೆ. ಎರಡೂವರೆ ಗಂಟೆಯೊಳಗಿನ ವಿಮಾನ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ಊಟ ತಿಂಡಿ ಕೊಡಬೇಕು. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್ ಕೇಳಬಹುದು. ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಕೇಳುವುದರ ಜೊತೆ ಕಂಪನಿಗೆ ಇಮೇಲ್‌ನಲ್ಲೂ ಬರೆಯಿರಿ. ಪಿಎನ್‌ಆರ್ ನಂಬರ್, ತಾರೀಕು, ಬಂದ ಎಸ್ಎಂಎಸ್‌ನ ಸ್ಕ್ರೀನ್‌ಶಾಟ್ ಸೇರಿಸಿ. ಅಲ್ಲಿ ಉತ್ತರ ಬರದಿದ್ದರೆ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಲು ಇವೇ ಕಾಗದಗಳು ಬೇಕಾಗುತ್ತವೆ.